ಎದುರಿನ ಕೋಚ್, ದೂರದ ಕೋಚ್: ಹೊಸ ಸೈಕಲ್ ಸವಾರರಿಗೆ ಒಂದು ಪರಿಚಯ

ಗೇರಿನ ಸೈಕಲ್ ಕೊಂಡು ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಬಹಳಷ್ಟು ಸವಾರರು ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಮೊದಮೊದಲು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದ ದಮ್ಮು ಈಗ ಇದ್ದಲ್ಲೇ ಇದೆ. ನಂದಿ ಬೆಟ್ಟದ ಏರಿನಲ್ಲಿ ನಿಮಗಿಂತ ಹತ್ತು ವರ್ಷ ದೊಡ್ಡವರು ಮಾತಾಡಿಕೊಂಡೇ ನಿಮ್ಮನ್ನು ದಾಟಿ ಹೋಗುತ್ತಾರೆ. ಜೊತೆಯವರು 200 ಕಿಲೋಮೀಟರಿನ ಬ್ರೇವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಹೆಸರು ಕೊಟ್ಟಿದ್ದಾರೆ. ನನಗೂ ಒಬ್ಬ ಕೋಚ್ ಬೇಕೇನೋ ಎಂಬ ಯೋಚನೆ ಬರುವುದು ಆಗಲೇ.

ಹುಡುಕಿದರೆ ಎರಡು ಬಗೆಯವರು ಸಿಗುತ್ತಾರೆ. ಒಬ್ಬರು ನಿಮ್ಮ ಊರಿನವರು. ಬೆಳಗ್ಗೆ ರಸ್ತೆಗೆ ಬಂದು, ಪಕ್ಕದಲ್ಲೇ ಸೈಕಲ್ ತುಳಿಯುತ್ತ ತಿದ್ದುವವರು. ಇನ್ನೊಬ್ಬರು ಬೇರೆ ಊರಲ್ಲೋ ಬೇರೆ ದೇಶದಲ್ಲೋ ಇದ್ದು, ಫೋನು ಮತ್ತು ಆ್ಯಪ್ ಮೂಲಕ ವಾರದ ಕಾರ್ಯಕ್ರಮ ಕಳಿಸಿ, ನೀವು ಓಡಿಸಿದ್ದರ ದಾಖಲೆ ನೋಡಿ ಉತ್ತರ ಬರೆಯುವವರು. ಇಬ್ಬರಲ್ಲಿ ಯಾರು ಮೇಲು ಎಂಬ ಚರ್ಚೆಗೆ ಕೊನೆಯಿಲ್ಲ. ನಿಮ್ಮ ಸವಾರಿಯಲ್ಲಿ ಈಗ ಯಾವುದನ್ನು ಇನ್ನೊಬ್ಬರು ನೋಡಬೇಕಾಗಿದೆ ಎಂದು ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ. ಈ ಲೇಖನ ಆ ಪ್ರಶ್ನೆಯನ್ನು ಹಿಡಿದುಕೊಂಡೇ ಹೋಗುತ್ತದೆ.

ಕೋಚ್ ಮಾಡುವ ಮೂರು ಕೆಲಸ

ಕೋಚ್ ಮಾಡುವುದನ್ನು ಮೂರು ಪಾಲು ಮಾಡಿಕೊಳ್ಳಿ. ಮೊದಲನೆಯದು ಕಲಿಸುವುದು: ಹೇಗೆ ಕೂರಬೇಕು, ಗೇರ್ ಯಾವಾಗ ಬದಲಿಸಬೇಕು, ಇಳಿಜಾರಿನ ತಿರುವನ್ನು ಹೇಗೆ ದಾಟಬೇಕು. ಎರಡನೆಯದು ಅಳತೆ ಹಾಕಿಕೊಡುವುದು: ಈ ವಾರ ಒಟ್ಟು ಎಷ್ಟು ಗಂಟೆ, ಅದರಲ್ಲಿ ಜೋರಾಗಿ ಎಷ್ಟು, ನಿಧಾನವಾಗಿ ಎಷ್ಟು. ಮೂರನೆಯದು ತಡೆಯುವುದು: ಇವತ್ತು ಸೈಕಲ್ ಮುಟ್ಟಬೇಡಿ, ನಿದ್ದೆ ಮಾಡಿ ಎನ್ನುವುದು.

ಹೊಸಬರು ಮೂರನೆಯದಕ್ಕೆ ಬೆಲೆ ಕೊಡುವುದು ಕಡಿಮೆ. ತುಳಿಯುವಾಗ ದೇಹ ದಣಿಯುತ್ತದೆ ಅಷ್ಟೆ. ಅದು ಗಟ್ಟಿಯಾಗುವುದು ಆಮೇಲೆ ಉಂಡು, ಮಲಗಿ, ಸುಧಾರಿಸಿಕೊಳ್ಳುವ ಹೊತ್ತಿನಲ್ಲಿ. ಆ ಹೊತ್ತನ್ನು ಕೊಡದೆ ದಿನವೂ ತುಳಿದವರು ತಿಂಗಳೊಪ್ಪತ್ತಿನಲ್ಲಿ ಹಿಂದಕ್ಕೆ ಜಾರುತ್ತಾರೆ.

ಕಲಿಸುವುದಕ್ಕೆ ಕಣ್ಣು ಬೇಕು, ಅಳತೆಗೆ ಲೆಕ್ಕ ಬೇಕು. ತಡೆಯುವುದಕ್ಕೆ ಎರಡೂ ಬೇಕು, ಜೊತೆಗೆ ನಿಮ್ಮ ಬಾಯಿಂದ ಬಂದ ನಿಜವೂ ಬೇಕು. ಎದುರಿನ ಕೋಚಿನ ಬಲ ಕಣ್ಣಿನಲ್ಲಿದೆ, ದೂರದ ಕೋಚಿನ ಬಲ ಲೆಕ್ಕದಲ್ಲಿದೆ.

ಕಣ್ಣಿಗೆ ಮಾತ್ರ ಕಾಣುವುದು

ಸೀಟಿನ ಎತ್ತರದಿಂದ ಶುರುಮಾಡೋಣ. ಪೆಡಲ್ ತೀರಾ ಕೆಳಗಿರುವಾಗ ಮಂಡಿ ಪೂರ್ತಿ ನೆಟ್ಟಗಾಗಬಾರದು. ಸುಮಾರು 25ರಿಂದ 35 ಡಿಗ್ರಿಯಷ್ಟು ಬಾಗಿರಬೇಕು ಎಂಬುದು ಸಾಮಾನ್ಯ ಅಳತೆ. ಸೀಟು ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಎತ್ತರವಾಗಿದ್ದರೆ ಮಂಡಿಯ ಹಿಂಭಾಗ ಎಳೆದಂತಾಗುತ್ತದೆ, ಪ್ರತಿ ತುಳಿತಕ್ಕೂ ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತದೆ. ಈ ತೂಗಾಟ ಸವಾರನಿಗೆ ತಿಳಿಯುವುದಿಲ್ಲ, ಯಾವ ಯಂತ್ರದ ದಾಖಲೆಯಲ್ಲೂ ಬರುವುದಿಲ್ಲ. ಹಿಂದೆ ಬರುತ್ತಿರುವವರಿಗೆ ಮಾತ್ರ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅಂಗೈ ಜೋಮು ಹಿಡಿಯುವುದು, ಕುತ್ತಿಗೆ ಬಿಗಿಯುವುದು, ಭುಜಗಳು ಕಿವಿಯತ್ತ ಏರುವುದು ಇವೂ ಇದೇ ಜಾತಿಯವು.

ಗೇರಿನ ಬಳಕೆ ಎರಡನೆಯದು. ಏರು ಬಂದಾಗ ಹೊಸಬರು ದೊಡ್ಡ ಗೇರಿನಲ್ಲೇ ಹಟ ಹಿಡಿದು, ನಿಮಿಷಕ್ಕೆ ಐವತ್ತು ಸುತ್ತಿನಂತೆ ಜಗ್ಗಿ ಜಗ್ಗಿ ತುಳಿಯುತ್ತಾರೆ. ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಪಳಗಿದವರ ಕಾಲು ಸಮತಟ್ಟಿನಲ್ಲಿ 80–90ರ ಸುತ್ತ ತಿರುಗುತ್ತಿರುತ್ತದೆ, ಏರಿನಲ್ಲಿ ತುಸು ಕಡಿಮೆ. ದೂರದ ಕೋಚಿಗೆ ಈ ಸಂಖ್ಯೆ ಸಂಜೆ ಕಾಣುತ್ತದೆ. ಪಕ್ಕದಲ್ಲಿರುವ ಕೋಚು ಏರು ಶುರುವಾಗುವ ಮೊದಲೇ "ಈಗ ಇಳಿಸಿ, ಇನ್ನೊಂದು ಇಳಿಸಿ" ಎನ್ನುತ್ತಾರೆ. ಸರಿಯಾದ ಕ್ಷಣದಲ್ಲಿ ಕಿವಿಗೆ ಬಿದ್ದ ಮಾತು ಕಾಲಿಗೆ ಬೇಗ ಇಳಿಯುತ್ತದೆ.

ಮೂರನೆಯದು ಇಳಿಜಾರು. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿ ಬೆಟ್ಟವನ್ನು ಹತ್ತುವ ಬಗ್ಗೆ ಎಲ್ಲರೂ ತಯಾರಿ ಮಾಡಿಕೊಳ್ಳುತ್ತಾರೆ. ಆದರೆ ಪೆಟ್ಟಾಗುವ ಸಂಭವ ಹೆಚ್ಚಿರುವುದು ಇಳಿಯುವಾಗ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಬೇಕು, ತಿರುವಿನೊಳಗೆ ಬ್ರೇಕ್ ಬಿಗಿಹಿಡಿಯಬಾರದು. ತಿರುವಿನ ಹೊರಮಗ್ಗುಲಿನ ಪೆಡಲ್ ಕೆಳಗಿದ್ದು ಅದರ ಮೇಲೆ ತೂಕವಿರಬೇಕು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಬಿಚ್ಚಿಕೊಳ್ಳುವ ಕಡೆ ಇರಬೇಕು. ಯಾವ ಕೈಯ ಲಿವರ್ ಮುಂದಿನ ಬ್ರೇಕಿನದು ಎಂಬುದೂ ಎಲ್ಲ ಸೈಕಲ್ಲಿನಲ್ಲಿ ಒಂದೇ ರೀತಿ ಇರುವುದಿಲ್ಲ; ಹೊಸ ಸೈಕಲ್ ಹತ್ತುವ ಮೊದಲು ನೋಡಿಕೊಳ್ಳಿ. ಇದನ್ನೆಲ್ಲ ಓದಿ ತಿಳಿಯಬಹುದು, ಓದಿ ಕಲಿಯಲಾಗದು. ಖಾಲಿ ಮೈದಾನದಲ್ಲಿ ಒಬ್ಬರು ನಿಂತು ಹತ್ತು ಸಲ ಮಾಡಿಸಬೇಕು.

ನಾಲ್ಕನೆಯದು ಗುಂಪು. ಇನ್ನೊಬ್ಬರ ಹಿಂದೆ ಗಾಳಿಯ ಮರೆಯಲ್ಲಿ ಹೋದರೆ, ಗಂಟೆಗೆ 30 ಕಿ.ಮೀ. ಆಸುಪಾಸಿನ ವೇಗದಲ್ಲಿ ಸುಮಾರು ಐದರಲ್ಲೊಂದು ಪಾಲು ಶ್ರಮ ಉಳಿಯುತ್ತದೆ. ಆದರೆ ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ನುಗ್ಗಿದ್ದು, ಅವರು ಒಂದು ಗುಂಡಿ ತಪ್ಪಿಸಲು ಸರಿದರೆ, ಬೀಳುವವರು ನೀವು. ಕೈಸನ್ನೆ, ಅಂತರ, ಸರದಿ ಬಿಟ್ಟುಕೊಡುವ ಕ್ರಮ ಇವೆಲ್ಲ ಗುಂಪಿನೊಳಗೇ ಕಲಿಯಬೇಕಾದವು.

ಎದುರಿನ ತರಬೇತಿಯ ತುಂಬಿದ ರೂಪ ನೋಡಬೇಕಾದರೆ ಉತ್ತರ ಕರ್ನಾಟಕಕ್ಕೆ ಹೋಗಬೇಕು. ವಿಜಯಪುರ, ಬಾಗಲಕೋಟೆಗಳಲ್ಲಿ ಸೈಕ್ಲಿಂಗಿಗೆಂದೇ ಸರ್ಕಾರಿ ಕ್ರೀಡಾ ವಸತಿ ನಿಲಯಗಳಿವೆ. ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯೂ ಸೈಕ್ಲಿಸ್ಟರನ್ನು ಬೆಳೆಸಿದೆ. ಅಂಥ ಕಡೆ ಮಕ್ಕಳು ಏಳುವುದು, ಉಣ್ಣುವುದು, ತುಳಿಯುವುದು, ಮಲಗುವುದು ಎಲ್ಲವೂ ತರಬೇತುದಾರರ ಕಣ್ಣಳತೆಯಲ್ಲೇ. ಸ್ಪರ್ಧೆಗೆ ತಯಾರಾಗುವವರಿಗೆ ಇದು ದೊಡ್ಡ ಬಲ.

ಹವ್ಯಾಸಿಗೆ ಆ ಭಾಗ್ಯವಿಲ್ಲ. ನಿಮ್ಮ ಊರಿನ ಕೋಚ್ ನಿಮ್ಮನ್ನು ನೋಡುವುದು ಭಾನುವಾರ ಬೆಳಗ್ಗೆ ಎರಡು ಮೂರು ಗಂಟೆ. ಮಿಕ್ಕ ಆರು ದಿನದ ಆಫೀಸು, ನಿದ್ದೆಗೇಡು, ಮದುವೆಮನೆ ಊಟ ಅವರಿಗೆ ಗೊತ್ತಾಗುವುದಿಲ್ಲ. ಹತ್ತು ಜನರ ಗುಂಪಾದರೆ ಎಲ್ಲರಿಗೂ ಒಂದೇ ಕಾರ್ಯಕ್ರಮ ಸಿಗುವ ಸಂಭವವೂ ಇದೆ. ಇನ್ನು ಸಣ್ಣ ಊರುಗಳಲ್ಲಿ ಸೈಕ್ಲಿಂಗ್ ಬಲ್ಲ ಕೋಚ್ ಸಿಗುವುದೇ ಕಷ್ಟ.

ಲೆಕ್ಕ ಹೇಳುವುದು

ದೂರದಿಂದ ತರಬೇತಿ ಕೊಡುವುದು ಸುಲಭವಾದದ್ದು ದೇಹದ ಶ್ರಮವನ್ನು ಅಳೆದು ಕಳಿಸುವ ಸಾಧನಗಳು ಬಂದ ಮೇಲೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ತಂತಿಯಿಲ್ಲದೆ ಹೃದಯಬಡಿತ ತೋರಿಸುವ, ಮೈಮೇಲೆ ಧರಿಸುವ ಸಾಧನವನ್ನು ಹೊರತಂದಿತು. 1986ರಲ್ಲಿ ಜರ್ಮನಿಯ ಉಲ್ರಿಚ್ ಶೋಬರರ್ ಪೆಡಲ್ ತುಳಿಯುವ ಶಕ್ತಿಯನ್ನು ವಾಟ್ ಲೆಕ್ಕದಲ್ಲಿ ಅಳೆಯುವ ಪವರ್ ಮೀಟರ್ ರೂಪಿಸಿದರು. ಮುಂದೆ ಜಿಪಿಎಸ್, ಸ್ಮಾರ್ಟ್‌ಫೋನು, 2009ರಲ್ಲಿ ಸವಾರಿಗಳನ್ನು ದಾಖಲಿಸಿ ಹಂಚಿಕೊಳ್ಳುವ ಸ್ಟ್ರಾವಾ ಬಂದವು. ಈಗ ನೀವು ಮನೆಗೆ ಬಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ನಿಮ್ಮ ಸವಾರಿ ಕೋಚಿನ ಪರದೆಯ ಮೇಲಿರುತ್ತದೆ.

ಆ ಪರದೆಯಲ್ಲಿ ಏನಿರುತ್ತದೆ? ಹೃದಯಬಡಿತ ನಿಮ್ಮ ದೇಹ ಶ್ರಮಕ್ಕೆ ಕೊಟ್ಟ ಉತ್ತರ. ಅದು ನಿಧಾನವಾಗಿ ಏರುತ್ತದೆ. ಸೆಕೆ, ಕಾಫಿ, ನಿದ್ದೆಗೇಡು, ಆತಂಕ ಎಲ್ಲಕ್ಕೂ ಸ್ಪಂದಿಸುತ್ತದೆ. ವಾಟ್ ಎಂದರೆ ಆ ಕ್ಷಣದಲ್ಲಿ ನೀವು ನಿಜವಾಗಿ ಮಾಡಿದ ಕೆಲಸ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಕೋಚಿಗೆ ಕಥೆ ಕಾಣುತ್ತದೆ. ಡಿಸೆಂಬರಿನಲ್ಲಿ 130 ವಾಟ್ ತುಳಿಯುವಾಗ ನಿಮ್ಮ ಎದೆಬಡಿತ 135 ಇತ್ತು, ಏಪ್ರಿಲ್‌ನಲ್ಲಿ ಅಷ್ಟೇ ವಾಟಿಗೆ 148 ಆಯಿತು ಎಂದುಕೊಳ್ಳಿ. ಕಲಬುರಗಿಯವರಾದರೆ ಬಿಸಿಲಿನ ಪಾತ್ರವಿದೆ ಎಂದು ತಿಳಿಯಬಹುದು. ಸೆಕೆಯಿಲ್ಲದೆಯೂ ಹೀಗಾಗಿದ್ದರೆ ದಣಿವು ಕೂಡಿಬಂದಿದೆಯೋ, ಜ್ವರ ಬರುವುದರಲ್ಲಿದೆಯೋ ಎಂದು ಕೇಳಬೇಕಾಗುತ್ತದೆ.

ಇಲ್ಲಿ ಎಫ್‌ಟಿಪಿ ಎಂಬ ಮಾತು ನಿಮಗೆ ಮೇಲಿಂದ ಮೇಲೆ ಎದುರಾಗುತ್ತದೆ. ಸುಮಾರು ಒಂದು ಗಂಟೆ ಹೊತ್ತು ಬಿಡದೆ ತುಳಿಯಬಲ್ಲ ಗರಿಷ್ಠ ಶಕ್ತಿ ಎಂದು ಸರಳವಾಗಿ ತಿಳಿಯಬಹುದು. ಒಂದು ಗಂಟೆ ಪ್ರಾಣ ಬಿಟ್ಟು ತುಳಿಯುವುದು ಯಾರಿಗೂ ಬೇಡವಾದ್ದರಿಂದ 20 ನಿಮಿಷದ ಪರೀಕ್ಷೆ ಮಾಡಿ, ಅದರ ಸರಾಸರಿಯ ಶೇ 95ರಷ್ಟನ್ನು ತೆಗೆದುಕೊಳ್ಳುತ್ತಾರೆ. ನಿಮ್ಮ 20 ನಿಮಿಷದ ಸರಾಸರಿ 180 ವಾಟ್ ಆದರೆ ಎಫ್‌ಟಿಪಿ 171. ಆ್ಯಂಡ್ರ್ಯೂ ಕಾಗನ್ ರೂಪಿಸಿದ, ಈಗ ಎಲ್ಲೆಡೆ ಬಳಕೆಯಲ್ಲಿರುವ ಶ್ರಮದ ವಲಯಗಳ ಪ್ರಕಾರ ನಿಮ್ಮ ಸಹನಶಕ್ತಿ ಬೆಳೆಸುವ ಎರಡನೇ ವಲಯ ಇದರ ಶೇ 56ರಿಂದ 75, ಅಂದರೆ 96ರಿಂದ 128 ವಾಟ್. ಮೊದಲ ಸಲ ಈ ಮಿತಿಯಲ್ಲಿ ತುಳಿದವರು ಇಷ್ಟು ನಿಧಾನವೇ ಎಂದು ಬೆರಗಾಗುತ್ತಾರೆ. ನಿಧಾನದ ದಿನ ನಿಧಾನವಾಗಿಯೇ ಇರುವಂತೆ ನೋಡಿಕೊಳ್ಳುವುದು ದೂರದ ಕೋಚಿನ ಮುಖ್ಯ ಉಪಕಾರ. ಭಾನುವಾರದ ಗುಂಪಿನಲ್ಲಿ ಮಾತಿಲ್ಲದೆ ಶುರುವಾಗುವ ಪೈಪೋಟಿಯನ್ನು ಸಂಖ್ಯೆ ಬಯಲು ಮಾಡುತ್ತದೆ.

ಪವರ್ ಮೀಟರ್ ದುಬಾರಿ. ಅದಿಲ್ಲದೆಯೂ ಲೆಕ್ಕ ಸಾಧ್ಯ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಶ್ರಮವನ್ನು ಸವಾರನೇ ಹೇಳುವ ಮಾಪಕಗಳನ್ನು ಮಾಡಿಕೊಟ್ಟರು. ಅವುಗಳಲ್ಲಿ ಒಂದರಲ್ಲಿ ಸೊನ್ನೆ ಎಂದರೆ ವಿಶ್ರಾಂತಿ, ಹತ್ತು ಎಂದರೆ ಇನ್ನು ಆಗದು. ಅಮೆರಿಕದ ಕಾರ್ಲ್ ಫಾಸ್ಟರ್ ಆ ಅಂಕಿಯನ್ನು ನಿಮಿಷಗಳಿಂದ ಗುಣಿಸುವ ಉಪಾಯ ಕೊಟ್ಟರು. ಮಂಗಳವಾರ 60 ನಿಮಿಷ, ಶ್ರಮ ಆರು: 360. ಗುರುವಾರ 60 ನಿಮಿಷ, ಶ್ರಮ ಮೂರು: 180. ಭಾನುವಾರ ಮೂರು ಗಂಟೆ, ಶ್ರಮ ನಾಲ್ಕು: 720. ವಾರದ ಮೊತ್ತ 1,260. ಮುಂದಿನ ಭಾನುವಾರ ಗೆಳೆಯರ ಜೊತೆ ಐದು ಗಂಟೆ, ಶ್ರಮ ಏಳರಂತೆ ಹೋದಿರಿ ಎನ್ನಿ. ಆ ಒಂದು ಸವಾರಿಯೇ 2,100. ಮಂಗಳವಾರ, ಗುರುವಾರ ಮೊದಲಿನಂತೆಯೇ ಇದ್ದರೆ ವಾರದ ಮೊತ್ತ 2,640, ಹಿಂದಿನದಕ್ಕಿಂತ ದುಪ್ಪಟ್ಟಿಗೂ ಹೆಚ್ಚು. ಸೋಮವಾರ ಮಂಡಿ ನೋವು ಯಾಕೆ ಬಂತು ಎಂದು ಕೇಳಬೇಕಾಗಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಇದ್ದರೆ ಈ ಲೆಕ್ಕ ಸಾಗುತ್ತದೆ.

ದೂರದ ತರಬೇತಿ ಎಂಬ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕು ಮಾರಾಟವಾಗುತ್ತವೆ ಎಂಬುದನ್ನೂ ತಿಳಿದಿರಿ. ಒಂದು, ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ ಸಿದ್ಧ ಕಾರ್ಯಕ್ರಮ. ಅದಕ್ಕೆ ನೀವು ಯಾರೆಂದು ಗೊತ್ತಿಲ್ಲ. ಎರಡು, ನಿಮ್ಮ ಅಂಕಿಗಳನ್ನು ನೋಡಿ ತಾನೇ ಬದಲಾಗುವ ಆ್ಯಪ್; ಅದಕ್ಕೆ ನಿಮ್ಮ ವಾಟ್ ಗೊತ್ತು, ನಿಮ್ಮ ಮಗುವಿಗೆ ಜ್ವರವಿದ್ದು ರಾತ್ರಿಯೆಲ್ಲ ಎದ್ದಿದ್ದಿರಿ ಎಂದು ಗೊತ್ತಿಲ್ಲ. ಮೂರು, ವಾರವಾರವೂ ನಿಮ್ಮ ದಾಖಲೆ ಓದಿ ಮಾತಾಡುವ ಮನುಷ್ಯ. ಮೂರನೆಯದನ್ನು ಮಾತ್ರ ಕೋಚಿಂಗ್ ಎನ್ನಬಹುದು. ಅಲ್ಲಿ ನೀವು ಹಣ ಕೊಡುವುದು ಕಾರ್ಯಕ್ರಮದ ಹಾಳೆಗಲ್ಲ, ಅದನ್ನು ಬದಲಿಸುವ ತೀರ್ಮಾನಕ್ಕೆ.

ಕಣ್ಣಿನ ಕೊರತೆಯನ್ನು ದೂರದವರು ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳಬಲ್ಲರು. ಸೈಕಲ್ಲನ್ನು ಟ್ರೈನರ್ ಎಂಬ, ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಫೋನನ್ನು ಸೀಟಿನ ಎತ್ತರದಲ್ಲಿಟ್ಟು, ಪಕ್ಕದಿಂದ ಒಂದು ನಿಮಿಷ, ಹಿಂದಿನಿಂದ ಒಂದು ನಿಮಿಷ ವಿಡಿಯೋ ತೆಗೆದು ಕಳಿಸಿದರೆ ಸೊಂಟದ ತೂಗಾಟ, ಮಂಡಿಯ ಬಾಗು ಕಾಣುತ್ತವೆ. ಆದರೆ ಇಳಿಜಾರನ್ನು, ಗುಂಪನ್ನು ವಿಡಿಯೋದಲ್ಲಿ ಕಲಿಸಲಾಗದು.

ಒಂದು ಊಹೆಯ ಉದಾಹರಣೆ

ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ ಸವಾರರೊಬ್ಬರನ್ನು ಊಹಿಸಿಕೊಳ್ಳಿ. ಭಾನುವಾರ 60 ಕಿ.ಮೀ. ಆರಾಮಾಗಿ ಹೋಗುತ್ತಾರೆ. ಮೂರು ತಿಂಗಳ ನಂತರ 200 ಕಿ.ಮೀ. ಬ್ರೇವೆ ಮುಗಿಸುವ ಆಸೆ. ಬ್ರೇವೆಯಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂದಿಲ್ಲ. ಗೊತ್ತುಪಡಿಸಿದ ದೂರವನ್ನು ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ. ಲೆಕ್ಕ ಹಾಕಿದರೆ ನಿಲುಗಡೆಯೂ ಸೇರಿ ಗಂಟೆಗೆ 15 ಕಿ.ಮೀ.ಗಿಂತ ತುಸು ಕಡಿಮೆ. ಓಡುವಾಗ 20ರ ಸರಾಸರಿ ಇಟ್ಟರೆ ಹತ್ತು ಗಂಟೆಯಲ್ಲಿ ದೂರ ಮುಗಿದು, ಊಟ, ತಿಂಡಿ, ಪಂಕ್ಚರಿಗೆ ಮೂರೂವರೆ ಗಂಟೆ ಉಳಿಯುತ್ತದೆ. ಇವರಿಗೆ ಬೇಕಾಗಿರುವುದು ವೇಗವಲ್ಲ. ದಿನವಿಡೀ ಸೀಟಿನ ಮೇಲೆ ಕೂತಿರಬಲ್ಲ ದೇಹ, ಹೊತ್ತು ಹೊತ್ತಿಗೆ ತಿನ್ನುವ ಅಭ್ಯಾಸ, ಒಂಟಿಯಾಗಿ ಟ್ಯೂಬ್ ಬದಲಿಸುವ ಕೈ. ದಾರಿಯಲ್ಲಿ ಸವಾರರ ಹಾಜರಿ ನೋಡುವ ನಿಯಂತ್ರಣ ಕೇಂದ್ರಗಳ ನಡುವೆ ಹಿಂದೆ ಕಾರಿನಲ್ಲಿ ಬಂದು ಯಾರೂ ನೆರವಾಗುವಂತಿಲ್ಲ.

ಮೊದಲ ತಿಂಗಳು ಇವರಿಗೆ ಎದುರಿನವರು ಬೇಕು. ಹಣ ಕೊಡುವ ಕೋಚೇ ಆಗಬೇಕೆಂದಿಲ್ಲ. ಊರಿನ ಸೈಕಲ್ ಕ್ಲಬ್ಬಿನಲ್ಲಿ ಬ್ರೇವೆಗಳನ್ನು ಮುಗಿಸಿ ಪಳಗಿದವರು ನಾಲ್ಕು ಬೆಳಗ್ಗೆ ಕೊಟ್ಟರೂ ಆಯಿತು. ಒಂದು ಬೆಳಗ್ಗೆ ಸೀಟು ಮತ್ತು ಹ್ಯಾಂಡಲ್, ಒಂದು ಬೆಳಗ್ಗೆ ಗೇರು ಮತ್ತು ಏರು, ಒಂದು ಬೆಳಗ್ಗೆ ಬ್ರೇಕು ಮತ್ತು ತಿರುವು, ಇನ್ನೊಂದು ಬೆಳಗ್ಗೆ ಗುಂಪು ಮತ್ತು ಪಂಕ್ಚರ್.

ಅದರ ಜೊತೆಗೇ ದೂರದ ಕೋಚ್ ಅಳತೆಯನ್ನು ಹಿಡಿಯಬಹುದು. ಭಾನುವಾರದ ದೂರ 60ರಿಂದ 75, 90ಕ್ಕೆ ಏರಿ, ನಾಲ್ಕನೇ ವಾರ 70ಕ್ಕೆ ಇಳಿಯುತ್ತದೆ. ಮತ್ತೆ 95, 110, 125, ಮತ್ತೆ ಇಳಿತ. ಕೊನೆಯ ದೊಡ್ಡ ಸವಾರಿ 150ರ ಸುತ್ತ, ಬ್ರೇವೆಗೆ ಎರಡು ವಾರ ಮುಂಚೆ. ನಡುವಾರದಲ್ಲಿ ಒಂದು ಗಂಟೆಯ ಎರಡು ಸವಾರಿ ಸಾಕು. ಮಾರ್ಚ್ ಕೊನೆಯ ಬ್ಯಾಂಕ್ ಕೆಲಸದಲ್ಲಿ ಒಂದು ವಾರ ಪೂರ್ತಿ ತಪ್ಪಿದರೆ, ತಪ್ಪಿದ್ದನ್ನೆಲ್ಲ ಮುಂದಿನ ವಾರಕ್ಕೆ ತುರುಕದೆ ಕಾರ್ಯಕ್ರಮವನ್ನೇ ಮರಳಿ ಬರೆಯುವುದು ಕೋಚಿನ ಕೆಲಸ. 100 ಕಿ.ಮೀ. ದಾಟಿದ ಮೇಲೆ ಅಂಗೈ ಜೋಮು ಶುರುವಾದರೆ ಮತ್ತೆ ಒಂದು ದಿನ ಎದುರಿನವರ ಕಣ್ಣಿಗೆ ಬೀಳಬೇಕು. ಹವ್ಯಾಸಿಗಳಿಗೆ ಒಪ್ಪುವುದು ಬಹುಮಟ್ಟಿಗೆ ಈ ಬೆರಕೆಯೇ: ಆರಂಭದಲ್ಲಿ ಕಣ್ಣು ಹೆಚ್ಚು, ಆಮೇಲೆ ಲೆಕ್ಕ ಹೆಚ್ಚು, ತೊಡಕು ಬಂದಾಗ ಮತ್ತೆ ಕಣ್ಣು.

ಒಪ್ಪುವ ಮೊದಲು ಕೇಳಿ

ದೂರದ ಕೋಚನ್ನು ಕೇಳಿ: ನನ್ನ ದಾಖಲೆಯನ್ನು ವಾರಕ್ಕೆ ಎಷ್ಟು ಸಲ ನೋಡುತ್ತೀರಿ? ಸಂದೇಶಕ್ಕೆ ಎಷ್ಟು ಹೊತ್ತಿನಲ್ಲಿ ಉತ್ತರ ಕೊಡುತ್ತೀರಿ? ಎದುರಿನ ಕೋಚನ್ನು ಕೇಳಿ: ಗುಂಪಿನಲ್ಲಿ ಎಷ್ಟು ಜನ? ವಾರದ ಮಿಕ್ಕ ದಿನಗಳಿಗೆ ಏನು ಹೇಳಿಕೊಡುತ್ತೀರಿ? ಇಬ್ಬರನ್ನೂ ಕೇಳಿ: ಪೂರ್ಣಾವಧಿ ಕೆಲಸ ಮಾಡುವವರಿಗೆ ತರಬೇತಿ ಕೊಟ್ಟಿದ್ದೀರಾ? ನಾನು ಕಾಯಿಲೆ ಬಿದ್ದರೆ ಏನು ಮಾಡುತ್ತೀರಿ?

ಎಲ್ಲರಿಗೂ ಒಂದೇ ಹಾಳೆ ಕಳಿಸುವವರು, ತಿಂಗಳಲ್ಲಿ ಇಷ್ಟು ವಾಟ್ ಏರಿಸುತ್ತೇನೆಂದು ಮಾತು ಕೊಡುವವರು, ಪುಡಿ ಮಾತ್ರೆ ಮಾರುವವರು, ನೋವೆಂದರೆ ನಾಟಕ ಎನ್ನುವವರು, ಇವರಿಂದ ದೂರವಿರಿ. ಎದೆನೋವು, ತಲೆ ಸುತ್ತು, ಬಿಡದ ಮಂಡಿ ನೋವು ವೈದ್ಯರ ವಿಷಯ, ಕೋಚಿನದಲ್ಲ. ಬಹಳ ವರ್ಷದ ನಂತರ ವ್ಯಾಯಾಮಕ್ಕೆ ಮರಳುವ ನಡುವಯಸ್ಸಿನವರು ಶುರುಮಾಡುವ ಮೊದಲೇ ಒಮ್ಮೆ ತಪಾಸಣೆ ಮಾಡಿಸಿಕೊಳ್ಳಲಿ. ಮುಟ್ಟಿನ ದಿನಗಳ ದಣಿವಿನ ಬಗ್ಗೆ, ನಸುಕಿನ ರಸ್ತೆಯ ಸುರಕ್ಷತೆಯ ಬಗ್ಗೆ ಸಂಕೋಚವಿಲ್ಲದೆ ಮಾತಾಡಬಹುದಾದ ಕೋಚ್ ಮಹಿಳೆಯರಿಗೆ ಬೇಕು. ಕೂರುವ ಭಂಗಿ ತಿದ್ದುವಾಗ ಮುಟ್ಟುವ ಮೊದಲು ಕೇಳುವುದು ಎದುರಿನ ಕೋಚಿನ ಕರ್ತವ್ಯ. ಮಕ್ಕಳಾದರೆ ತರಬೇತಿಯ ಜಾಗದಲ್ಲೂ ಫೋನಿನ ಸಂದೇಶದಲ್ಲೂ ತಂದೆತಾಯಿ ಜೊತೆಗಿರಲಿ.

ಕೋಚೇ ಇಲ್ಲದಿದ್ದರೆ?

ಆಗುವುದಿಲ್ಲ ಎಂದೇನಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಮಹಿಳೆಯರ ರಸ್ತೆ ಸ್ಪರ್ಧೆಯ ಚಿನ್ನ ಗೆದ್ದ ಆಸ್ಟ್ರಿಯಾದ ಆ್ಯನಾ ಕೀಸನ್‌ಹೋಫರ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಆಗ ಅವರಿಗೆ ವೃತ್ತಿಪರ ತಂಡ ಇರಲಿಲ್ಲ. ತಮ್ಮ ತರಬೇತಿ, ಆಹಾರ, ಸ್ಪರ್ಧೆಯ ಯೋಜನೆಗಳನ್ನು ತಾವೇ ಮಾಡಿಕೊಂಡಿದ್ದರು. ಆದರೆ ಅದಕ್ಕೆ ಮುಂಚೆ, 2017ರಲ್ಲಿ, ವೃತ್ತಿಪರ ತಂಡವೊಂದರಲ್ಲಿ ಇದ್ದು ಬಂದವರು ಅವರು ಎಂಬುದನ್ನು ಮರೆಯಬಾರದು. ರಸ್ತೆಯ ವಿದ್ಯೆಯನ್ನು ಇತರರ ನಡುವೆ ಕಲಿತಿದ್ದರು, ಲೆಕ್ಕವನ್ನು ತಾವೇ ಇಟ್ಟುಕೊಂಡರು. ಹವ್ಯಾಸಿಯೂ ಇದೇ ದಾರಿಯನ್ನು ಸಣ್ಣ ಪ್ರಮಾಣದಲ್ಲಿ ಹಿಡಿಯಬಹುದು.

ಯಾವ ದಾರಿ ಹಿಡಿದರೂ ಒಂದು ಕೆಲಸ ನಿಮ್ಮದೇ. ಎದುರಿನವರ ಕಣ್ಣಿಗೂ ದೂರದವರ ಲೆಕ್ಕಕ್ಕೂ ಸಿಗದ ಸಂಗತಿಗಳಿವೆ: ರಾತ್ರಿ ಎಷ್ಟು ಹೊತ್ತು ಮಲಗಿದಿರಿ, ಬೆಳಗ್ಗೆ ಏಳುವಾಗ ಸೈಕಲ್ ನೆನೆದು ಮನಸ್ಸು ಹಿಗ್ಗಿತೋ ಕುಗ್ಗಿತೋ, ನೋವು ಎಲ್ಲಿ ಶುರುವಾಯಿತು, ಮಾಡಿದೆನೆಂದು ಹೇಳಿದ ಅಭ್ಯಾಸವನ್ನು ನಿಜವಾಗಿ ಮಾಡಿದಿರೋ ಇಲ್ಲವೋ. ಆದ್ದರಿಂದ ಕೋಚಿಗೆ ಹಣ ಕಟ್ಟುವ ಮೊದಲು ಎರಡು ವಾರ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ನಾಲ್ಕೇ ಸಾಲು ಬರೆಯಿರಿ: ಎಷ್ಟು ನಿಮಿಷ ತುಳಿದಿರಿ, ಶ್ರಮ ಹತ್ತರಲ್ಲಿ ಎಷ್ಟು, ನಿದ್ದೆ ಎಷ್ಟು ಗಂಟೆ, ನೋವೋ ಭಯವೋ ಇದ್ದರೆ ಎಲ್ಲಿ. ಎರಡು ವಾರದ ನಂತರ ಓದಿ ನೋಡಿ. ನೋವು, ಭಯ, ತಿರುವು, ಗೇರು ಎಂಬ ಮಾತುಗಳೇ ತುಂಬಿದ್ದರೆ ಮೊದಲು ಊರಿನಲ್ಲಿ ಒಬ್ಬರನ್ನು ಹುಡುಕಿ. ಮೈ ಸರಿಯಿದ್ದು, ಒಂದು ವಾರ ವಿಪರೀತ ಇನ್ನೊಂದು ವಾರ ಸೊನ್ನೆ ಎಂಬಂತೆ ಅಂಕಿಗಳು ಎಗರಾಡುತ್ತಿದ್ದರೆ ದೂರದವರು ನಿಮಗೆ ಸಾಕು. ಇಬ್ಬರಲ್ಲಿ ಯಾರ ಬಳಿ ಹೋದರೂ ಆ ನೋಟ್‌ಬುಕ್ಕನ್ನು ಮೊದಲ ದಿನವೇ ಮುಂದಿಡಿ. ಅದನ್ನು ಓದದೆ ಕಾರ್ಯಕ್ರಮ ಬರೆದುಕೊಡಲು ಹೊರಟವರನ್ನು ಬಿಟ್ಟು ಇನ್ನೊಬ್ಬರನ್ನು ನೋಡಿಕೊಳ್ಳಿ.